ಹುಲ್ಲಿನ ಮಾಡಲ್ಲ, ತೊಗಟೆಯ ಮಾಡು

ಕಳೆದ ವಾರ ನಮ್ಮ ಕೊಮ್ಯೂನೆಯಿಂದ, ಅಂದರೆ ಇಲ್ಲಿ ನಾರ್ವೆಯ ಪುರಸಭೆಯಿಂದ, ಒಂದು ಪುಟದ ಪತ್ರ ಬಂತು. ಉಗ್ರಾಣದ ಮಾಡಿನ ಕೆಲಸ ಅನುಮತಿಗೆ ತಕ್ಕಂತೆ ಮುಗಿದಿದೆ, ಕಡತವನ್ನು ಮುಚ್ಚಲಾಗಿದೆ ಎಂಬುದಷ್ಟೇ ಅದರ ಸಾರ. ಕೇವಲ 26 ಚದರ ಮೀಟರಿನ ಮಾಡೊಂದಕ್ಕೆ ಹುಲ್ಲು ಹೊದಿಸಿ ಆ ಪತ್ರವನ್ನು ಕೈಗೆ ಪಡೆಯಲು ನಮಗೆ 2023ರ ಏಪ್ರಿಲ್‌ನಿಂದ 2025ರ ಮೇವರೆಗೆ, ಎರಡು ವರ್ಷದ ಮೇಲೆ ಒಂದು ತಿಂಗಳು ಹಿಡಿಯಿತು. ನಾರ್ವೆಯಲ್ಲಿಯೂ ಸ್ವೀಡನ್ನಿನಲ್ಲಿಯೂ ನೆಲೆಸಿ ಬೆಟ್ಟದ ಮೇಲೆ ಹಳೆಯ ಮರದ ಮನೆ ಕೊಳ್ಳುವ ಆಲೋಚನೆಯಲ್ಲಿರುವ ಕನ್ನಡದ ಸ್ನೇಹಿತರು ಹಲವರು ಈ ನಡುವೆ ಹುಲ್ಲಿನ ಮಾಡು ಹೊದಿಸುವುದೆಂದರೆ ಏನೇನು ಕೆಲಸ, ಎಷ್ಟು ಕಾಲ, ಎಷ್ಟು ಹಣ ಎಂಬ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳುತ್ತ ಬಂದಿರುವುದರಿಂದ, ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆದಿಡುತ್ತಿದ್ದೇನೆ.

ನಾವು ಗಂಡ ಹೆಂಡತಿ 2022ರ ಅಕ್ಟೋಬರಿನಲ್ಲಿ ಗುಡ್‌ಬ್ರಾನ್ಸ್‌ಡಾಲೆನ್ ಕಣಿವೆಯ ಮೇಲ್ಭಾಗದಲ್ಲಿ ಒಂದು ಹಿತ್ತೆ ಕೊಂಡೆವು. ಹಿತ್ತೆ ಎಂದರೆ ರಜೆಯ ದಿನಗಳನ್ನು ಕಳೆಯಲು ಇಲ್ಲಿನವರು ಕಟ್ಟಿಕೊಳ್ಳುವ ಬೆಟ್ಟದ ಮನೆ. ಅದರ ಪಕ್ಕದಲ್ಲಿ ದಪ್ಪ ಮರದ ದಿಮ್ಮಿಗಳನ್ನು ಅಡ್ಡಡ್ಡವಾಗಿ ಪೇರಿಸಿ ಕಟ್ಟಿದ ಒಂದು ಉಗ್ರಾಣವಿತ್ತು. ಅದರ ಮಾಡಿನ ಮೇಲೆ ಮೊಣಕಾಲುದ್ದ ಹುಲ್ಲು. ಕೊಳ್ಳುವಾಗ ನಮಗೆ ಹಿಡಿಸಿದ್ದು ಆ ಹುಲ್ಲೇ ಎಂದು ಒಪ್ಪಿಕೊಳ್ಳಬೇಕು. ಮರುವರ್ಷದ ಏಪ್ರಿಲ್‌ನಲ್ಲಿ ಹಿಮ ಕರಗತೊಡಗಿದಾಗ ಒಳಗೆ ಸೌದೆಯ ರಾಶಿಯ ಮೇಲೆ ಕಂದು ಬಣ್ಣದ ನೀರು ತೊಟ್ಟಿಕ್ಕುತ್ತಿತ್ತು. ಮೊದಲ ದಿನ ಒಂದು ಬೋಗುಣಿ ಇಟ್ಟೆವು, ಮೂರನೆಯ ದಿನಕ್ಕೆ ಬೋಗುಣಿಗಳು ನಾಲ್ಕಾದವು.

ಸಾಗರದ ಕಡೆಯ ಹಳ್ಳಿಯಲ್ಲಿ ಬೆಳೆದ ನನಗೆ ಸೋರುವ ಮಾಡು ಹೊಸದಲ್ಲ. ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುವುದು, ಒಡೆದದ್ದನ್ನು ತೆಗೆದು ಬೇರೆಯದನ್ನು ಸೇರಿಸುವುದು ನಮ್ಮ ಮನೆಯಲ್ಲಿ ಪ್ರತಿವರ್ಷದ ಕೆಲಸವಾಗಿತ್ತು. ಆದರೆ ಹಂಚಿನ ಮಾಡಿನಲ್ಲಿ ಬೆಳಕಿನ ಚುಕ್ಕೆ ನೋಡಿ ತೂತು ಎಲ್ಲಿದೆಯೆಂದು ಹೇಳಬಹುದು. ಇಲ್ಲಿ ಮೇಲೆ ಅರ್ಧ ಅಡಿ ಮಣ್ಣು. ಫೋನಿನಲ್ಲಿ ವಿಷಯ ಕೇಳಿದ ಅಪ್ಪ, ‘ಅಲ್ಲ ಮಾರಾಯ, ನಾವಿಲ್ಲಿ ಮಾಡಿನ ಮೇಲೆ ಒಂದು ತರಗೆಲೆ ಬಿದ್ರೂ ಗುಡಿಸಿ ಹಾಕ್ತೀವಿ, ನೀನು ಮಣ್ಣನ್ನೇ ಹೇರಿಕೊಂಡು ಕೂತಿದ್ದೀಯಲ್ಲ!’ ಎಂದು ನಕ್ಕರು. ಗದಗಿನ ಕಡೆಯವಳಾದ ನನ್ನ ಹೆಂಡತಿಗೆ ಮಾತ್ರ ಇದು ಅಷ್ಟು ವಿಚಿತ್ರವೆನಿಸಲಿಲ್ಲ. ‘ನಮ್ಮ ಅಜ್ಜನ ಮನಿ ಮಾಳಿಗಿ ಮ್ಯಾಲೂ ಮಳಿಗಾಲದಾಗ ಹುಲ್ಲು ಬೆಳೀತಿತ್ರಿ’ ಎಂದಳು. ತೊಲೆ, ಜಂತಿ, ಸೊಪ್ಪುಕಡ್ಡಿ, ಅದರ ಮೇಲೆ ಕರಲು ಮಣ್ಣು ಎಂದು ಅವಳು ವಿವರಿಸಿದ ಮಾಳಿಗೆಯ ಕ್ರಮಕ್ಕೂ ಇಲ್ಲಿನ ಕ್ರಮಕ್ಕೂ ಇರುವ ಮುಖ್ಯ ವ್ಯತ್ಯಾಸ ನನಗೆ ತಿಳಿದದ್ದು ಮೂರು ತಿಂಗಳ ನಂತರ. ಅದನ್ನು ಈಗಲೇ ಹೇಳಿಬಿಡುತ್ತೇನೆ. ಮಾಳಿಗೆಯಲ್ಲಿ ನೀರನ್ನು ತಡೆಯುವುದು ಮಣ್ಣು. ನಾರ್ವೆಯ ಮಾಡಿನಲ್ಲಿ ಮಣ್ಣಾಗಲಿ ಹುಲ್ಲಾಗಲಿ ನೀರನ್ನು ತಡೆಯುವುದಿಲ್ಲ. ಹಲಗೆಗಳ ಮೇಲೆ, ಮಣ್ಣಿನ ಕೆಳಗೆ, ಕಣ್ಣಿಗೆ ಕಾಣದಂತೆ ಪದರಪದರವಾಗಿ ಹಾಸಿರುವ ಭೂರ್ಜ ಮರದ ತೊಗಟೆಯೇ ನಿಜವಾದ ಮಾಡು. ಹುಲ್ಲಿನ ಕೆಲಸ ಆ ತೊಗಟೆ ಹಾರಿಹೋಗದಂತೆ, ಸುರುಳಿಯಾಗದಂತೆ, ಬಿಸಿಲಿಗೆ ಸೀಳದಂತೆ ಅದರ ಮೇಲೆ ಭಾರವಾಗಿ ಕೂರುವುದು. ಭೂರ್ಜಪತ್ರದ ಮೇಲೆ ಬರೆದ ಕಾಶ್ಮೀರದ ಹಸ್ತಪ್ರತಿಗಳ ಬಗ್ಗೆ ನಾವೆಲ್ಲ ಓದಿದ್ದೇವೆ. ಹಿಮಾಲಯದ ಆ ಮರದ ದಾಯಾದಿಯೇ ಇಲ್ಲಿನದು. ತೊಗಟೆಯಲ್ಲಿ ಮೇಣದಂತಹ ಅಂಶ ಇರುವುದರಿಂದ ಅದು ನೀರನ್ನು ಹೀರುವುದಿಲ್ಲ, ಬೇಗ ಕೊಳೆಯುವುದಿಲ್ಲ.

ಇಂತಹ ಮಾಡಿಗೆ ಇಲ್ಲಿ ತೋರ್ವ್‌ತಾಕ್ ಎನ್ನುತ್ತಾರೆ. 19ನೆಯ ಶತಮಾನದ ಕೊನೆಯವರೆಗೂ ನಾರ್ವೆಯ ಹಳ್ಳಿಗಳ ದಿಮ್ಮಿಮನೆಗಳ ಮೇಲೆ ಹೆಚ್ಚಾಗಿ ಇದ್ದದ್ದು ಇದೇ. ಹಂಚು, ಕಲ್ಲುಚಪ್ಪಡಿ, ತಗಡು ಬಂದಮೇಲೆ ಹಿಂದೆ ಸರಿಯಿತು. ಅದು ಪೂರ್ತಿ ಮರೆಯಾಗದೆ ಉಳಿದದ್ದಕ್ಕೆ ಬಯಲು ವಸ್ತುಸಂಗ್ರಹಾಲಯಗಳೂ ಕಾರಣ. ಲಿಲ್ಲೆಹಾಮರ್‌ನಲ್ಲಿ ದಂತವೈದ್ಯ ಆಂಡರ್ಸ್ ಸಾಂಡ್ವಿಗ್ 1887ರಲ್ಲಿ ಇದೇ ಕಣಿವೆಯ ಹಳೆಯ ಮನೆಗಳನ್ನು ಸಂಗ್ರಹಿಸತೊಡಗಿದ್ದರ ಫಲವಾದ ಮೈಹೌಗೆನ್‌ಗೆ ನಾವು ಈ ಎರಡು ವರ್ಷಗಳಲ್ಲಿ ಏಳು ಬಾರಿ ಹೋಗಿದ್ದೇವೆ. ಆರು ಬಾರಿ ಮನೆಗಳ ಒಳಗೆ ಕಾಲಿಡದೆ ಸೂರಿನ ಅಂಚನ್ನೇ ನೋಡಿ ಬಂದಿದ್ದೇವೆ. ತಾಮ್ರದ ಗಣಿಗಾಗಿ ಹುಟ್ಟಿದ ರೋರೋಸ್ ಪಟ್ಟಣದಲ್ಲಿ, ಅದು 1980ರಿಂದ ವಿಶ್ವ ಪರಂಪರೆಯ ತಾಣ, ಗಣಿಯ ಆಳುಗಳ ಪುಟ್ಟ ಮನೆಗಳ ಮೇಲೆ ಇಂದಿಗೂ ಹುಲ್ಲಿದೆ. ಇದೇ ಮೂಲದ ನಾರ್ಸ್ ಜನರು ಸುಮಾರು 1000ನೆಯ ಇಸವಿಯಲ್ಲಿ ಅಟ್ಲಾಂಟಿಕ್ ದಾಟಿ ಹೋಗಿ ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಲಾನ್ಸ್ ಓ ಮೆಡೋಸ್‌ನಲ್ಲಿ ನೆಲೆಸಿದಾಗ ಕಟ್ಟಿಕೊಂಡದ್ದೂ ಹುಲ್ಲುಹೆಂಟೆಯ, ಅಂದರೆ ಬೇರು ಮಣ್ಣು ಸಮೇತ ಕತ್ತರಿಸಿ ತೆಗೆದ ಹುಲ್ಲಿನ ತುಂಡುಗಳ, ಮನೆಗಳನ್ನೇ; 1960ರಲ್ಲಿ ಆ ನೆಲೆಯನ್ನು ಗುರುತಿಸಿದವರು ನಾರ್ವೆಯ ಇಂಗ್‌ಸ್ಟಾಡ್ ದಂಪತಿ.

ನಮ್ಮ ಕಥೆಗೆ ಬರುತ್ತೇನೆ. ಮೇ ತಿಂಗಳಲ್ಲಿ ನಾನು ಮಾಡಿದ ಮೊದಲ ಆಲೋಚನೆ, ಹುಲ್ಲು ಕಿತ್ತು ತಗಡು ಹಾಕಿಬಿಡುವುದು. ಆದರೆ ನಮ್ಮ ಹಿತ್ತೆಗಳ ಪ್ರದೇಶಕ್ಕಿರುವ ವಲಯ ಯೋಜನೆಯಲ್ಲಿ ಮಾಡು ಹುಲ್ಲಿನದೋ ಮರದ್ದೋ ಕಲ್ಲುಚಪ್ಪಡಿಯದೋ ಆಗಿರಬೇಕು ಎಂಬ ಷರತ್ತಿತ್ತು. ಮನೆ ಕೊಳ್ಳುವ ಮೊದಲೇ ಈ ಯೋಜನೆಯ ಪಠ್ಯವನ್ನು ಓದಿರಬೇಕಿತ್ತು, ನಾವು ಓದಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆಯೇ ಹೊಸದಾಗಿ ಹೊದಿಸುವುದಾದರೆ ಅದು ದುರಸ್ತಿ ಎನಿಸಿಕೊಳ್ಳುತ್ತದೆ, ಅರ್ಜಿ ಬೇಕಿಲ್ಲ. ಅಲ್ಲಿಗೇ ನಿಲ್ಲಿಸಿದ್ದರೆ ಈ ಬರಹದ ಅರ್ಧ ಭಾಗವೇ ಇರುತ್ತಿರಲಿಲ್ಲ. ಆದರೆ ಹೇಗೂ ಬಿಚ್ಚುತ್ತೇವೆ, ಸೌದೆ ಒಣಗಿಸಲು ಒಂದು ಬದಿಯ ಸೂರನ್ನು 60 ಸೆಂಟಿಮೀಟರ್ ಹೊರಕ್ಕೆ ಚಾಚೋಣ ಎಂಬ ಆಸೆ ನನಗೆ ಹುಟ್ಟಿತು. ಉಗ್ರಾಣದ ಹಿಂದೆ ಹರಿಯುವ ಹಳ್ಳದ ಅಕ್ಕಪಕ್ಕ ಏನನ್ನೂ ಕಟ್ಟಬಾರದೆಂದು ಯೋಜನೆಯಲ್ಲಿ ನೆಲದ ಒಂದು ಪಟ್ಟಿಯನ್ನು ಗುರುತಿಸಿದ್ದರಂತೆ, ನಮ್ಮ 60 ಸೆಂಟಿಮೀಟರ್ ಅದರೊಳಕ್ಕೆ ಬೀಳುತ್ತಿತ್ತು. ಹೀಗಾಗಿ ದುರಸ್ತಿಯಾಗಬೇಕಿದ್ದದ್ದು ವಿನಾಯಿತಿ ಕೋರುವ ಅರ್ಜಿಯಾಯಿತು.

ಅರ್ಜಿಗೆ ಮುಂಚೆ ನೆರೆಹೊರೆಯವರಿಗೆಲ್ಲ ನಕ್ಷೆಯೊಂದಿಗೆ ಸೂಚನಾಪತ್ರ ಕಳುಹಿಸಿ, ಅವರ ಆಕ್ಷೇಪಣೆಗೆ 14 ದಿನ ಕಾಯಬೇಕು. ನಮಗಿದ್ದ ನೆರೆಯವರು ಐದು ಜನ. ನಾಲ್ವರದು ಒಂದೇ ದಿನದಲ್ಲಿ ಮುಗಿಯಿತು. ಐದನೆಯವರು ಡೆನ್ಮಾರ್ಕಿನಲ್ಲಿದ್ದು, ದಾಖಲೆಯಲ್ಲಿದ್ದ ವಿಳಾಸದಿಂದ ಮನೆ ಬದಲಿಸಿದ್ದರು; ರಿಜಿಸ್ಟರ್ಡ್ ಅಂಚೆ ಮೂರು ವಾರದ ನಂತರ ನನ್ನ ಬಾಗಿಲಿಗೇ ಮರಳಿ ಬಂತು. ನೆರೆಯವರಿಗೆ ಪತ್ರ ಕಳುಹಿಸುವ ಮೊದಲು ಅವರ ಈಗಿನ ವಿಳಾಸವನ್ನು ಬಾಯಿಮಾತಿನಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ. ನಮ್ಮ ಒಂದು ತಿಂಗಳು ಹೋದದ್ದು ಅಲ್ಲಿ. ಅಷ್ಟರಲ್ಲಿ ಜುಲೈ ಬಂತು. ಜುಲೈಯಲ್ಲಿ ನಾರ್ವೆಯ ಕಚೇರಿಗಳಿಗೆ ಹೋಗುವುದೂ ಒಂದೇ, ನಮ್ಮಲ್ಲಿ ದೀಪಾವಳಿಯ ದಿನ ತಹಸೀಲ್ದಾರರನ್ನು ಹುಡುಕಿಕೊಂಡು ಹೋಗುವುದೂ ಒಂದೇ.

2023ರ ಆಗಸ್ಟ್ 7ರಂದು ಅರ್ಜಿ ಸಲ್ಲಿಸಿದೆ. ಅಂದೇ ‘ಹಾನ್ಸ್’ ಎಂದು ಹೆಸರಿಟ್ಟ ಬಿರುಮಳೆ ಪೂರ್ವ ನಾರ್ವೆಗೆ ಅಪ್ಪಳಿಸಿತು. ಮೂರು ದಿನ ಬಿಡದೆ ಸುರಿದ ಮಳೆಗೆ ಕಣಿವೆಯ ಹೊಳೆಗಳೆಲ್ಲ ದಡ ಮೀರಿದವು, ಮರುವಾರ ಆಗಸ್ಟ್ 14ರಂದು ರಿಂಗೆಬೂ ಬಳಿಯ ರಾಂಡ್‌ಕ್ಲೇವ್ ರೈಲುಸೇತುವೆಯೇ ಕುಸಿದು ನೀರಿಗೆ ಬಿತ್ತು. ನಮ್ಮ ಉಗ್ರಾಣಕ್ಕೆ ಹೊದಿಸಿದ್ದ ಟಾರ್ಪಾಲು ಮೊದಲ ರಾತ್ರಿಯೇ ಹಾರಿ ಹಳ್ಳದಾಚೆಯ ಪೊದೆಗೆ ಸಿಕ್ಕಿಕೊಂಡಿತ್ತು. ಊರೆಲ್ಲ ರಸ್ತೆ, ನೀರಿನ ಕೊಳವೆ ಎಂದು ಒದ್ದಾಡುತ್ತಿರುವಾಗ ನಮ್ಮ 60 ಸೆಂಟಿಮೀಟರ್ ಸೂರಿನ ಬಗ್ಗೆ ಕೇಳಲು ನನಗೇ ಸಂಕೋಚವಾಯಿತು. ಸೆಪ್ಟೆಂಬರ್ ಮಧ್ಯದಲ್ಲಿ ಉತ್ತರ ಬಂತು: ಸೀಳುನಕ್ಷೆ (ಕಟ್ಟಡವನ್ನು ಸೀಳಿದಂತೆ ಒಳಗನ್ನು ತೋರಿಸುವ ಚಿತ್ರ) ಇಲ್ಲ, ಭಾರದ ಲೆಕ್ಕ ಇಲ್ಲ, ಅರ್ಜಿ ಅಪೂರ್ಣ. ವಿನಾಯಿತಿ ಬೇಡುವ ಅರ್ಜಿಗೆ ಕಾನೂನು ಕೊಟ್ಟಿರುವ 12 ವಾರಗಳ ಗಡುವು ಶುರುವಾಗುವುದು ಅರ್ಜಿ ಪೂರ್ಣವಾದ ದಿನದಿಂದ, ಸಲ್ಲಿಸಿದ ದಿನದಿಂದಲ್ಲ.

ಭಾರದ ಲೆಕ್ಕವನ್ನು ನಾನು ಕಾಟಾಚಾರ ಎಂದುಕೊಂಡಿದ್ದೆ. ಎಂಜಿನಿಯರ್ ಅದನ್ನು ಒಂದು ಹಾಳೆಯ ಮೇಲೆ ಬಿಡಿಸಿ ತೋರಿಸಿದಾಗ ಬೆವರಿದೆ. ನೆನೆದ ಹುಲ್ಲುಹೆಂಟೆ 15 ಸೆಂಟಿಮೀಟರ್ ದಪ್ಪಕ್ಕೆ ಚದರ ಮೀಟರಿಗೆ ಸುಮಾರು 250 ಕಿಲೋ. ನಮ್ಮ ಜಾಗದಲ್ಲಿ ನೆಲದ ಮೇಲಿನ ಹಿಮದ ಭಾರಕ್ಕೆ ಲೆಕ್ಕ ಹಿಡಿಯಬೇಕಾದದ್ದು ಚದರ ಮೀಟರಿಗೆ 4.5 ಕಿಲೋನ್ಯೂಟನ್, ಅಂದರೆ ಹತ್ತಿರಹತ್ತಿರ 450 ಕಿಲೋ. ನಮ್ಮದು 22 ಡಿಗ್ರಿ ಇಳಿಜಾರಾದ್ದರಿಂದ ಮಾಡಿನ ಮೇಲೆ ಅದರ ಹತ್ತರಲ್ಲಿ ಎಂಟು ಪಾಲು, 360 ಕಿಲೋ. ಎರಡೂ ಸೇರಿ ಪ್ರತಿ ಚದರ ಮೀಟರಿಗೆ 610 ಕಿಲೋ, ಇಡೀ ಉಗ್ರಾಣದ ತಲೆಯ ಮೇಲೆ ಸುಮಾರು 16 ಟನ್. ಹಳೆಯ ಕಾಲದವರು ಈ ಭಾರವನ್ನು ಹೊರೆ ಎಂದು ತಿಳಿಯಲಿಲ್ಲ. ದಿಮ್ಮಿಗಳನ್ನು ಒಂದರ ಮೇಲೊಂದು ಅದುಮಿ ಸಂದುಗಳಲ್ಲಿ ಗಾಳಿ ನುಗ್ಗದಂತೆ ಮಾಡುವುದು ಇದೇ ಭಾರ. ಆದರೆ ಹೊರುವ ತೊಲೆ ಗಟ್ಟಿಯಿರಬೇಕಲ್ಲ. ಇಲ್ಲಿನ ಮಾಡಿನಲ್ಲಿ ನಮ್ಮ ಪಕಾಸಿಯಂತೆ ಇಳಿಜಾರಿಗೆ ಮರ ಇಡದೆ, ಗೋಡೆಯಿಂದ ಗೋಡೆಗೆ ಉದ್ದಕ್ಕೆ ಮೂರು ತೊಲೆಗಳನ್ನು ಮಲಗಿಸಿ ಅದರ ಮೇಲೆ ಹಲಗೆ ಇಳಿಬಿಡುತ್ತಾರೆ. ಎಂಜಿನಿಯರ್ ತಮ್ಮ ಪುಟ್ಟ ಚಾಕುವನ್ನು ಉತ್ತರದ ತೊಲೆಯ ತುದಿಗೆ ಚುಚ್ಚಿದರು. ಅಲಗು ಹಿಡಿಯವರೆಗೆ ಬೆಣ್ಣೆಗೆ ಇಳಿದಂತೆ ಇಳಿಯಿತು. ಅವರು ಏನೂ ಹೇಳಲಿಲ್ಲ, ಚಾಕುವನ್ನು ಪ್ಯಾಂಟಿಗೆ ಒರೆಸಿಕೊಂಡರು. ತೆರಿಗೆ ಸೇರಿ ಅವರ ಶುಲ್ಕ 11,875 ಕ್ರೋನ್. ಆಗ ಒಂದು ಕ್ರೋನ್ ಎಂದರೆ ಸುಮಾರು 8 ರೂಪಾಯಿ ಇತ್ತು. ಇಡೀ ವ್ಯವಹಾರದಲ್ಲಿ ನಾನು ಒಮ್ಮೆಯೂ ಮರುಗದೆ ಕೊಟ್ಟ ಹಣ ಇದೊಂದೇ.

ಅನುಮತಿ ಡಿಸೆಂಬರ್ 14ರಂದು ಬಂತು, 14,200 ಕ್ರೋನ್ ಶುಲ್ಕದ ಬಿಲ್ಲಿನ ಜೊತೆಗೆ. ಮೂರು ವರ್ಷದೊಳಗೆ ಕೆಲಸ ಶುರುಮಾಡದಿದ್ದರೆ ಅದು ತಾನಾಗಿ ರದ್ದಾಗುತ್ತದೆ. ಹೊರಗೆ ಆಗ ಒಂದು ಮೀಟರ್ ಹಿಮ.

ತೊಗಟೆಗೆ ಕಾಲವಿದೆ ಎಂಬುದು ನಮಗೆ ತಿಳಿದಿರಲಿಲ್ಲ. ಮರದಲ್ಲಿ ರಸ ಏರುವ ಜೂನ್ ಮಧ್ಯದಿಂದ ಜುಲೈ ಮಧ್ಯದವರೆಗೆ ಮಾತ್ರ ಅದು ತಾನಾಗಿ ಬಿಡುತ್ತದೆ. ಉಳಿದ ಕಾಲದಲ್ಲಿ ಮರಕ್ಕೆ ಅಂಟಿಕೊಂಡಿರುತ್ತದೆ. 26 ಚದರ ಮೀಟರಿಗೆ ಎಂಟು ಪದರವೆಂದರೆ 200 ಚದರ ಮೀಟರಿಗೂ ಹೆಚ್ಚು ತೊಗಟೆ. ಸಂಸ್ಕರಿಸಿ ಕಟ್ಟು ಕಟ್ಟಿದ ತೊಗಟೆ ಅಂಗಡಿಯಲ್ಲಿ ಸಿಗುತ್ತದಾದರೂ ಅಷ್ಟನ್ನೂ ಕೊಳ್ಳುವ ಶಕ್ತಿ ನಮಗಿರಲಿಲ್ಲ. 24,000 ಕ್ರೋನ್ ಕೊಟ್ಟು ಮುಕ್ಕಾಲು ಭಾಗ ಕೊಂಡು, ಉಳಿದದ್ದಕ್ಕೆ ಪಕ್ಕದ ಕೃಷಿಕರೊಬ್ಬರು ಆ ವರ್ಷ ಕಡಿಸಲಿದ್ದ ಭೂರ್ಜದ ತೋಪಿಗೆ ಹೋಗಿ ಸುಲಿದೆವು. ಇಲ್ಲಿನ ಕಾಡಿನಲ್ಲಿ ಯಾರು ಬೇಕಾದರೂ ಓಡಾಡಬಹುದು, ಹಣ್ಣು ಅಣಬೆ ಕೀಳಬಹುದು. ಆದರೆ ನಿಂತ ಮರದ ತೊಗಟೆಗೆ ಮಾಲೀಕರ ಒಪ್ಪಿಗೆ ಬೇಕೇ ಬೇಕು.

2024ರ ಜೂನ್ ಕೊನೆಯ ವಾರ, ನಾಲ್ಕು ದಿನ, 50 ಮರ. ಆ ಕೆಲಸದ ಸದ್ದು ಇನ್ನೂ ಕಿವಿಯಲ್ಲಿದೆ. ಚಾಕುವಿನ ತುದಿಯನ್ನು ಬಿಳಿಯ ಹೊರಪದರಕ್ಕೆ ಮಾತ್ರ ತಾಕಿಸಿ ಮೇಲಿಂದ ಕೆಳಕ್ಕೆ ಒಂದು ಗೆರೆ ಎಳೆಯಬೇಕು. ಗೆರೆ ಸೊಂಟದೆತ್ತರ ದಾಟುವಷ್ಟರಲ್ಲಿ ಒಳಗಿನ ಬಿಗಿತ ತಾಳಲಾರದೆ ತೊಗಟೆ ಚಟ್ ಎಂದು ಬಾಯ್ಬಿಡುತ್ತದೆ, ಎರಡೂ ಕಡೆಗೆ ಬೆರಳು ತೂರಿಸಿ ಮೆಲ್ಲನೆ ಎಬ್ಬಿಸಿದರೆ ಸೆರಗು ಜಾರಿದಂತೆ ಇಡೀ ಹಾಳೆ ಕೈಗೆ ಬರುತ್ತದೆ. ಕೆಳಗೆ ಮರದ ಮೈ ಹಳದಿ ಮಿಶ್ರಿತ ಕಂದಾಗಿ, ಮುಟ್ಟಿದರೆ ಒದ್ದೆಯಾಗಿ ಕಾಣುತ್ತದೆ. ಆ ಒಳತೊಗಟೆಗೆ ಗಾಯವಾಗದಿದ್ದರೆ ಮರ ಬದುಕುತ್ತದೆ. ನಮ್ಮ ಮೊದಲ ಹತ್ತು ಮರಗಳು ಹೇಗೂ ಕಡಿಯುವಂಥವು ಎಂಬುದೇ ಸಮಾಧಾನ. ಬಿಡಿಸಿದ ಹಾಳೆ ಮರದಲ್ಲಿದ್ದಾಗ ಬಾಗಿದ್ದ ದಿಕ್ಕಿಗೆ ವಿರುದ್ಧವಾಗಿ, ಬಿಳಿಯ ಮೈ ಒಳಗಾಗುವಂತೆ ಸುತ್ತಿಕೊಳ್ಳುತ್ತದೆ. ಆದ್ದರಿಂದ ಬಿಡಿಸಿದ ಕೂಡಲೇ ನೆರಳಿನಲ್ಲಿ ಒಂದರ ಮೇಲೊಂದು ಪೇರಿಸಿ ಮೇಲೆ ಕಲ್ಲು ಹೇರಬೇಕು.

ಕೆಲಸಕ್ಕೆ ಸಿಕ್ಕವರು ಎಪ್ಪತ್ತು ದಾಟಿದ ಒಬ್ಬ ಬಡಗಿ. ದಿನಕ್ಕೆ ಇಷ್ಟೇ ಗಂಟೆ, ಐದೇ ದಿನ, ಎರಡನೆಯ ದಿನದಿಂದ ಆರು ಜನ ಸಹಾಯಕ್ಕೆ ಇರಬೇಕು ಎಂಬುದು ಅವರ ಷರತ್ತು. ಊರಿನವರೆಲ್ಲ ಸೇರಿ ಕೂಲಿಯಿಲ್ಲದೆ ಒಬ್ಬರ ಕೆಲಸ ಮುಗಿಸಿಕೊಡುವುದಕ್ಕೆ ಇಲ್ಲಿ ದುಗ್ನಾದ್ ಎನ್ನುತ್ತಾರೆ; ಹಿಂದೆ ಮಾಡು ಹೊದಿಸುವುದೂ ಹಾಗೆಯೇ ನಡೆಯುತ್ತಿತ್ತಂತೆ. ಮಲೆನಾಡಿನಲ್ಲಿ ಸೋಗೆ ಹೊದಿಸುವಾಗ ನಡೆಯುತ್ತಿದ್ದ ಮುಯ್ಯಾಳಿನ ಪದ್ಧತಿ ನನಗೆ ನೆನಪಾಯಿತು. ಓಸ್ಲೋದಿಂದ ಮೂವರು ಕನ್ನಡದ ಗೆಳೆಯರೂ ನೆರೆಯ ಹಿತ್ತೆಗಳಿಂದ ಮೂವರೂ ಬಂದರು. ಅವರ ಮನೆಗಳ ಕೆಲಸಕ್ಕೆ ನಾವಿನ್ನೂ ಮುಯ್ಯಿ ತೀರಿಸುವುದಿದೆ.

ಆಗಸ್ಟ್ ಎರಡನೆಯ ವಾರ ಹಳೆಯ ಮಾಡನ್ನು ಬಿಚ್ಚಿದೆವು. 1988ರ ಸುಮಾರಿಗೆ ಹೊದಿಸಿದ್ದೆಂದು ಹಿಂದಿನ ಮಾಲೀಕರು ಹೇಳಿದ್ದರು. ಆಶ್ಚರ್ಯವೆಂದರೆ ನೆತ್ತಿಯ ಹತ್ತಿರದ ತೊಗಟೆ ಕೈಯಲ್ಲಿ ಹಿಡಿದರೆ ಹೊಸ ಚರ್ಮದಂತೆ ಬಾಗುತ್ತಿತ್ತು. ಕೊಳೆತದ್ದು ಸೂರಿನ ಅಂಚಿನ ಎರಡು ಅಡಿ ಮಾತ್ರ. ಮಣ್ಣು ಜಾರದಂತೆ ಅಂಚಿನುದ್ದಕ್ಕೂ ಒಂದು ದಿಮ್ಮಿಯನ್ನು ಕೊಕ್ಕೆಗಳಲ್ಲಿ ಕೂರಿಸಿರುತ್ತಾರೆ. ಹಿಂದೆ ಹೊದಿಸಿದವರು ಅದನ್ನು ತೊಗಟೆಗೆ ಒತ್ತಿ ಕೂರಿಸಿದ್ದರಿಂದ ಮಣ್ಣಿನೊಳಗೆ ಇಳಿದ ನೀರು ಹೊರಹೋಗಲಾರದೆ ಅಲ್ಲೇ ನಿಂತು, ಚಳಿಗಾಲದಲ್ಲಿ ಗಡ್ಡೆಕಟ್ಟಿ, ಮೊದಲು ತೊಗಟೆಯನ್ನು, ಆಮೇಲೆ ಹಲಗೆಯನ್ನು, ಕೊನೆಗೆ ತೊಲೆಯ ತುದಿಯನ್ನು ತಿಂದಿತ್ತು. ನಾವು ಹೊಸ ದಿಮ್ಮಿ ಕೂರಿಸಿದಾಗ ಬಡಗಿ ಬಂದು ಅದರ ಕೆಳಗೆ ತಮ್ಮ ಎರಡು ಬೆರಳು ತೂರಿಸಲು ನೋಡಿದರು. ಒಂದೇ ಬೆರಳು ಹೋಯಿತು. ಬಿಚ್ಚಿಸಿದರು. ಮತ್ತೆ ಕೂರಿಸಿದೆವು, ಒಂದು ಕಡೆ ಎರಡು ಬೆರಳು ಹೋದವು, ಇನ್ನೊಂದು ಕಡೆ ಹೋಗಲಿಲ್ಲ, ಮತ್ತೆ ಬಿಚ್ಚಿಸಿದರು. ಕೊಕ್ಕೆಗಳು ಜುನಿಪರ್ ಮರದ್ದು, ಬಾಗಿ ಬೆಳೆದ ಕೊಂಬೆಯನ್ನೇ ಆರಿಸಿ ಕಡಿದವು. ಅವುಗಳ ಉದ್ದನೆಯ ಕಾಲನ್ನು ಹಲಗೆಗೆ ಮೊಳೆ ಹೊಡೆದು, ಆ ಮೊಳೆಯ ತಲೆಯ ಮೇಲೆ ಉಳಿದ ಪದರಗಳ ತೊಗಟೆ ಬರುವಂತೆ ಹಾಸಬೇಕು. ಮಾಡಿನ ಯಾವ ಮೊಳೆಯೂ ಆಕಾಶ ನೋಡಬಾರದು.

ನಮ್ಮ ದೊಡ್ಡ ತಪ್ಪು ನಡೆದದ್ದು ಮೂರನೆಯ ದಿನ. ತೊಗಟೆಯನ್ನು ಸೂರಿನಿಂದ ನೆತ್ತಿಯ ಕಡೆಗೆ ಹಂಚಿನಂತೆ ಒಂದರ ಮೇಲೊಂದು ಬರುವ ಹಾಗೆ ಹಾಸುತ್ತ, ಹಾಸಿದಷ್ಟಕ್ಕೆ ಅಂದೇ ಹೆಂಟೆ ಹೇರುತ್ತ ಹೋಗಬೇಕು. ಹೆಂಟೆ ತರುತ್ತಿದ್ದ ಟ್ರ್ಯಾಕ್ಟರಿನ ಹೈಡ್ರಾಲಿಕ್ ಕೊಳವೆ ಮಧ್ಯಾಹ್ನ ಒಡೆಯಿತು. ಕೈ ಖಾಲಿ ಇದ್ದ ಉತ್ಸಾಹದಲ್ಲಿ ನಾವು ದಕ್ಷಿಣದ ಇಳಿಜಾರಿಗೆ ಪೂರ್ತಿ ತೊಗಟೆ ಹಾಸಿಬಿಟ್ಟೆವು. ಬಡಗಿ ಆಗಲೇ ಮನೆಗೆ ಹೋಗಿದ್ದರು. ಮರುದಿನ ಬೆಳಿಗ್ಗೆ ಏಳಕ್ಕೆ ಬಿಸಿಲು ಬಿತ್ತು, ಎಂಟೂವರೆಯ ಹೊತ್ತಿಗೆ ಮಾಡಿನ ತುಂಬ ನೂರಾರು ಸುರುಳಿಗಳು, ಹಪ್ಪಳ ಕರಿಯಲು ಹಾಕಿದಂತೆ. ಬಾಣಲೆಯಲ್ಲಿ ನೀರು ಕಾಯಿಸಿ, ಒಂದೊಂದನ್ನೂ ನೆನೆಸಿ ಬಿಡಿಸಿ ಮತ್ತೆ ಹಾಸುವುದರಲ್ಲಿ ಆ ದಿನ ಕಳೆಯಿತು. ಸುಮಾರು 40 ಹಾಳೆ ಸೀಳಿ ಹಾಳಾದವು. ಹೆಂಟೆಯ ಬಂಡಿ ಕಣ್ಣಿಗೆ ಬೀಳುವವರೆಗೆ ತೊಗಟೆಯ ಕಟ್ಟು ಬಿಚ್ಚಬೇಡಿ.

ಹೆಂಟೆಯನ್ನು ಗೊಬ್ಬರ ಕಾಣದ ಹಳೆಯ ಹುಲ್ಲುಗಾವಲಿನಿಂದ ತೆಗೆಯಬೇಕು. ಗೊಬ್ಬರ ತಿಂದ ಹೊಲದ ಹುಲ್ಲಿನ ಬೇರು ಆಳಕ್ಕೆ ಹೆಣೆದುಕೊಂಡಿರುವುದಿಲ್ಲ, ಎತ್ತುವಾಗಲೇ ಪುಡಿಯಾಗುತ್ತದೆ. ನಾವು ತೆಗೆದದ್ದು ಅಡಿ ಚದರ, ಏಳೆಂಟು ಸೆಂಟಿಮೀಟರ್ ದಪ್ಪದ ತುಂಡುಗಳು, ಒಂದೊಂದೂ ಸುಮಾರು 10 ಕಿಲೋ, ಒಟ್ಟು ಆರುನೂರರ ಹತ್ತಿರ. ಮೊದಲ ಪದರವನ್ನು ಹುಲ್ಲು ಕೆಳಮುಖವಾಗುವಂತೆ ಬೋರಲು ಹಾಕುತ್ತಾರೆ. ಸತ್ತ ಹುಲ್ಲು ಮೆತ್ತೆಯಂತೆ ತೊಗಟೆಯ ಮೇಲೆ ಕೂತು ಮಣ್ಣಿನ ಆಮ್ಲದಿಂದ ಅದನ್ನು ಕಾಯುತ್ತದೆ, ನೀರು ಇಳಿದುಹೋಗಲು ಸಂದನ್ನೂ ಬಿಡುತ್ತದೆ. ಎರಡನೆಯ ಪದರ ಹುಲ್ಲು ಮೇಲ್ಮುಖ, ಇಟ್ಟಿಗೆಯ ಗೋಡೆಯಂತೆ ಸಂದಿನ ಮೇಲೆ ಸಂದು ಬಾರದ ಹಾಗೆ. ಎರಡೂ ಇಳಿಜಾರುಗಳಿಗೆ ಸಮಸಮವಾಗಿ ಹೇರಿಕೊಂಡು ಹೋಗಬೇಕೆಂದು ಬಡಗಿ ಗಂಟೆಗೊಮ್ಮೆ ಕೂಗುತ್ತಿದ್ದರು. ಒಂದೇ ಕಡೆ ಮೂರು ಟನ್ ಬಿದ್ದರೆ ನೆತ್ತಿಯ ತೊಲೆ ಸರಿಯುತ್ತದೆ. ಆರುನೂರನೆಯ ತುಂಡು ಏರಿಸಿದ ಸಂಜೆ ಹೆಂಡತಿ ಹಿತ್ತೆಯ ಒಲೆಯ ಮೇಲೆ ಮಾಡಿದ ಚುರುಮುರಿ ಒಗ್ಗರಣೆಯನ್ನು ಬಡಗಿ ಮೂರು ಬಾರಿ ಹಾಕಿಸಿಕೊಂಡರು.

ಇಷ್ಟೆಲ್ಲ ಓದಿದ ಮೇಲೆ, ತೊಗಟೆಯೇ ಬೇಕೇ ಎಂದು ನೀವು ಕೇಳಬಹುದು. ಬೇಕಿಲ್ಲ. ಇಂದು ನಾರ್ವೆಯಲ್ಲಿ ಏಳುತ್ತಿರುವ ಹುಲ್ಲುಮಾಡುಗಳಲ್ಲಿ ಹೆಚ್ಚಿನವುಗಳ ಕೆಳಗೆ ಡಾಂಬರು ಹಾಳೆ, ಅದರ ಮೇಲೆ ಗುಬುಟುಗಳಿರುವ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಕೆಲಸ ಎರಡು ದಿನದ್ದು, ಕಾಲವನ್ನು ಕಾಯಬೇಕಿಲ್ಲ. ಗ್ಯಾರೇಜಿಗಾದರೆ ನಾನೂ ಅದನ್ನೇ ಹಾಕಿಸುತ್ತೇನೆ. ತೊಲೆಗಳು ಬಡಕಲಾಗಿದ್ದರೆ ಸೀಡಮ್ ಎಂಬ ಕಳ್ಳಿಯಂತಹ ರಸಭರಿತ ಗಿಡಗಳ ತೆಳು ಚಾಪೆಯಿದೆ, ನೆನೆದಾಗಲೂ ಚದರ ಮೀಟರಿಗೆ 50 ಕಿಲೋದ ಆಸುಪಾಸು. ಊರುಗಳ ಸಮತಟ್ಟಾದ ಕಾಂಕ್ರೀಟ್ ಛಾವಣಿಗಳ ಮೇಲೆ ಈಗ ಕಾಣುವ ಹಸಿರು ಹೆಚ್ಚಾಗಿ ಇದೇ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಹೊಸ ಸಮತಟ್ಟು ಛಾವಣಿಗಳಿಗೆ ಹಸಿರು ಹೊದಿಸುವುದು 2002ರಿಂದ ಕಡ್ಡಾಯ. ಮಂಗಳೂರಿಗೆ 1865ರಲ್ಲಿ ಹಂಚಿನ ಕಾರ್ಖಾನೆ ತಂದ ಮಿಷನ್ನಿನ ಮೂಲ ಊರು ಅದೇ ಬಾಸೆಲ್. ನಮಗೆ ಹಂಚು ಕೊಟ್ಟು ತಾವು ಹುಲ್ಲಿಗೆ ಹೋದರು ಎಂದು ಅಪ್ಪನಿಗೆ ಹೇಳಿದಾಗ ಅವರು ಬಹಳ ಹೊತ್ತು ನಕ್ಕರು. ಒಂದು ಎಚ್ಚರಿಕೆ: ಹುಲ್ಲುಮಾಡು ಮನೆಯನ್ನು ಬೆಚ್ಚಗಿಡುತ್ತದೆ ಎಂದು ನಂಬಿ ಒಳಗಿನ ಉಷ್ಣನಿರೋಧಕ ಪದರವನ್ನು ಬಿಡಬೇಡಿ. ನೆನೆದ ಮಣ್ಣು ಚಳಿಯನ್ನು ಅಷ್ಟೇನೂ ತಡೆಯುವುದಿಲ್ಲ.

ನಮ್ಮ ಒಟ್ಟು ಖರ್ಚು 1,02,000 ಕ್ರೋನ್ ದಾಟಿತು. ಮೇಲೆ ಹೇಳಿದ ಮೊತ್ತಗಳಲ್ಲದೆ ಬಡಗಿಗೆ 24,400, ಹೊಸ ತೊಲೆ ಮತ್ತು ಹಲಗೆಗೆ 13,500, ಹೆಂಟೆಗೂ ಟ್ರ್ಯಾಕ್ಟರಿಗೂ 6,000, ಉಳಿದದ್ದು ಅಟ್ಟಣೆಯ ಬಾಡಿಗೆಗೂ ಊಟಕ್ಕೂ ಹೋಯಿತು. ಅದೇ ಉಗ್ರಾಣ ಇಡಿಯಾಗಿ ಅಷ್ಟು ಬೆಲೆ ಬಾಳುವುದಿಲ್ಲ ಎಂದು ನೆರೆಯವರೊಬ್ಬರು ಹೇಳಿದರು, ನಿಜವಿರಬಹುದು.

ಮೊದಲ ಶರತ್ಕಾಲದಲ್ಲಿ ಹುಲ್ಲು ಅಲ್ಲಲ್ಲಿ ಕೆಂಪಗಾಯಿತು, ಹೆಂಟೆಗಳ ನಡುವೆ ಬಿರುಕು ಬಿಟ್ಟಿತು. ಮಣ್ಣು ತುಂಬಿ ನೀರು ಹಾಕಿದೆವು. ಈ ಏಪ್ರಿಲ್‌ನಲ್ಲಿ ಹಿಮ ಕರಗುವಾಗ ನಾನು ಮೂರು ರಾತ್ರಿ ಟಾರ್ಚ್ ಹಿಡಿದು ಉಗ್ರಾಣದೊಳಗೆ ಹೋಗಿ ತೊಲೆಯ ತುದಿಗಳನ್ನು ಕೈಯಿಂದ ಸವರಿ ನೋಡಿ ಬಂದೆ. ಒಣಗಿತ್ತು. ಹೊರಗೆ ದಿಮ್ಮಿಯ ಕೆಳಗಿನ ಎರಡು ಬೆರಳಿನ ಸಂದಿನಿಂದ ನೀರು ಸಾಲಾಗಿ ತೊಟ್ಟಿಕ್ಕುವ ಸದ್ದು ಕೇಳುತ್ತಿತ್ತು. ಆಮೇಲೆ ಫೋಟೋಗಳನ್ನೂ ಬಡಗಿಯ ಸಹಿಯನ್ನೂ ಸೇರಿಸಿ ಕೊಮ್ಯೂನೆಗೆ ಮುಕ್ತಾಯದ ಅರ್ಜಿ ಕಳುಹಿಸಿದೆ.

ಪತ್ರ ಬಂದ ದಿನ ಏಣಿ ಹತ್ತಿ ಮಾಡಿನ ಮೇಲೆ ನೋಡಿದೆ. ಉತ್ತರದ ಇಳಿಜಾರಿನಲ್ಲಿ, ಹೊಸ ಹುಲ್ಲಿನ ನಡುವೆ, ಬೆರಳುದ್ದದ ಎರಡು ಭೂರ್ಜದ ಸಸಿಗಳು ಎದ್ದಿದ್ದವು. ಬಿಟ್ಟರೆ ಅವುಗಳ ಬೇರು ಐದಾರು ವರ್ಷದಲ್ಲಿ ಕೆಳಗಿನ ತೊಗಟೆಯನ್ನು ತಲುಪುತ್ತದೆ. ಎರಡನ್ನೂ ಬೇರುಸಹಿತ ಕಿತ್ತು, ಕೆಳಗಿಳಿದು ಹಳ್ಳದ ಬದಿಯಲ್ಲಿ ನೆಟ್ಟೆ.